ನೈಟ್ರೋಜನ್ ಕ್ಯಾನಿಗೆ ಬರಿಗೈ ಹಾಕಬಹುದೇ?

ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಜನರ ಬಾಯಲ್ಲಿ ಅದು ‘ಇಂಜೆಕ್ಷನ್ ಕೊಡೋದು’. ವೀರ್ಯದ ಕಡ್ಡಿಗಳನ್ನು, ಅಂದರೆ ವೀರ್ಯ ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನು, ಮೂರು ಲೀಟರಿನ ಕ್ಯಾನಿನಲ್ಲಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಕೊಂಡು ಓಡಾಡುತ್ತೇನೆ. ಕೊಟ್ಟಿಗೆ ಬಾಗಿಲಲ್ಲಿ ಮುಚ್ಚಳ ತೆಗೆದದ್ದೇ ತಡ, ಬಿಳಿ ಹೊಗೆ ಉಕ್ಕುತ್ತದೆ, ಮನೆಮಂದಿಯೆಲ್ಲ ಸುತ್ತ ನಿಲ್ಲುತ್ತಾರೆ. ಆಮೇಲೆ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: “ತಮಾ, ಇದಕ್ಕೆ ಕೈ ಹಾಕಿರೆ ಎಂತಾ ಆಗ್ತು?”

ಹೊಗೆ ಅಂತ ನಾವು ಕರೆಯುವುದು ಗಾಳಿಯಲ್ಲಿದ್ದ ನೀರಾವಿ ತಣಿದು ಮಂಜಾದದ್ದು. ಶಿರಸಿಯ ಮಳೆಗಾಲದಲ್ಲಿ ಅದಕ್ಕೇ ಜೋರು. ನೈಟ್ರೋಜನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೈಯ ವಿಷಯ. ಮೊಬೈಲ್‌ನಲ್ಲಿ ಯಾರೋ ಬರಿಗೈ ಮೇಲೆ ಇದನ್ನು ಸುರಿದುಕೊಂಡದ್ದನ್ನು ನೋಡಿದ ಹುಡುಗರು ನನ್ನನ್ನೇ ಅಂಜುಬುರುಕ ಅನ್ನುತ್ತಾರೆ. ಅವರು ನೋಡಿದ್ದು ಸುಳ್ಳಲ್ಲ. ಕಾದ ತೆಳ್ಳೇವಿನ ಕಾವಲಿಗೆ ನೀರು ಚಿಮುಕಿಸಿದರೆ ಹನಿ ಆವಿಯ ಮೇಲೆ ಓಡಾಡುತ್ತದಲ್ಲ, ಇದೂ ಹಾಗೆಯೇ. ನೈಟ್ರೋಜನ್‌ಗೆ ನಮ್ಮ ಚರ್ಮವೇ ಕಾದ ಕಾವಲಿ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲೇ ಇದನ್ನು ವಿವರಿಸಿದ್ದ. ಒಂದೆರಡು ಹನಿ ಸಿಡಿದರೆ ಉರುಳಿ ಹೋಗುತ್ತವೆ, ನಿಜ.

ಆದರೆ ಆ ಆವಿಯ ಪದರ ನಿಲ್ಲುವುದು ಕ್ಷಣಮಾತ್ರ, ಅದೂ ದ್ರವ ಜಾರಿ ಹೋದರೆ ಮಾತ್ರ. ಉಂಗುರದ ಕೆಳಗೆ, ವಾಚಿನ ಪಟ್ಟಿಯೊಳಗೆ, ಶೂಗಳಲ್ಲಿ ನಿಂತರೆ ಸುಟ್ಟ ಗಾಯವೇ. ಕಣ್ಣಿಗೆ ಬಿದ್ದರಂತೂ ಹೇಳುವುದೇ ಬೇಡ. ನಾನು ದ್ರವಕ್ಕಿಂತ ಹೆಚ್ಚು ಹೆದರುವುದು ಅದರಲ್ಲಿ ಮುಳುಗಿದ್ದ ಲೋಹಕ್ಕೆ. ಕ್ಯಾನಿನೊಳಗೆ ಕಡ್ಡಿಗಳನ್ನು ಹಿಡಿದಿಡುವ ಲೋಹದ ಕ್ಯಾನಿಸ್ಟರ್‌ನ ತಳವನ್ನೋ ಚಿಮಟದ ತುದಿಯನ್ನೋ ಬೆವರಿದ ಬೆರಳಿಂದ ಮುಟ್ಟಿದರೆ ಅಲ್ಲಿ ಆವಿ ಗೀವಿ ಏನೂ ಕಾಯುವುದಿಲ್ಲ. ಬೆರಳು ಅಂಟುತ್ತದೆ, ಎಳೆದರೆ ಚರ್ಮ ಕಿತ್ತು ಬರುತ್ತದೆ.

ಹತ್ತಿಯ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಅದು ದ್ರವವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಗರ್ಭಧಾರಣೆಗೆ ಹಾಕುವ ಉದ್ದನೆಯ ಪ್ಲಾಸ್ಟಿಕ್ ಗ್ಲೌಸ್ ಕೂಡ ಇದಕ್ಕಲ್ಲ. ನಾನು ಹಾಕುವುದು ಸಡಿಲವಾದ, ಒಣಗಿದ ಚರ್ಮದ ಗ್ಲೌಸ್, ಕೈ ಕೊಡವಿದರೆ ಕಳಚಿ ಬೀಳುವಂಥದ್ದು. ಪ್ಯಾಂಟಿನ ಅಂಚು ಶೂ ಹೊರಗೆ. ದೊಡ್ಡ ಜಾರಿನಿಂದ ಸಣ್ಣ ಕ್ಯಾನಿಗೆ ತುಂಬುವಾಗ ಕನ್ನಡಕ ಕಡ್ಡಾಯ, ಏಕೆಂದರೆ ಬೆಚ್ಚಗಿನ ಕ್ಯಾನಿಗೆ ಮೊದಲ ಧಾರೆ ಬಿದ್ದಾಗ ಕುದಿದು ಸಿಡಿಯುತ್ತದೆ. ನಿಧಾನ ಸುರಿಯಬೇಕು.

ಕಡ್ಡಿ ತೆಗೆಯುವಾಗ ಕ್ಯಾನಿಸ್ಟರನ್ನು ಕ್ಯಾನಿನ ಕುತ್ತಿಗೆಯಿಂದ ಮೇಲೆ ಎತ್ತುವುದಿಲ್ಲ. ಉದ್ದನೆಯ ಚಿಮಟದಿಂದ 0.25 ಮಿಲಿಲೀಟರಿನ ಕಡ್ಡಿ ಹಿಡಿದು, ಕ್ಯಾನಿಸ್ಟರನ್ನು ಹತ್ತು ಸೆಕೆಂಡ್ ಒಳಗೇ ಮತ್ತೆ ಇಳಿಸುತ್ತೇನೆ. ಕಡ್ಡಿಯನ್ನು ಒಮ್ಮೆ ಕೊಡವಿ, ಮುಖದಿಂದ ದೂರ ಹಿಡಿದು, ಫ್ಲಾಸ್ಕಿನ 37 ಡಿಗ್ರಿ ನೀರಿಗೆ ಹಾಕಿ ಮೂವತ್ತು ಸೆಕೆಂಡ್ ಬಿಡುತ್ತೇನೆ. ಒಳಗೆ ನೈಟ್ರೋಜನ್ ಹೊಕ್ಕಿದ್ದರೆ ಬಿಸಿಗೆ ಹಿಗ್ಗಿ ಕಡ್ಡಿ ಒಡೆಯಬಹುದು. ಅದೇ ಫ್ಲಾಸ್ಕಿನ ನೀರು ಪ್ರಥಮ ಚಿಕಿತ್ಸೆಗೂ ಆಗುತ್ತದೆ. ಗಾಯವಾದ ಜಾಗವನ್ನು ಆ ಉಗುರುಬೆಚ್ಚಗಿನ ನೀರಲ್ಲಿ ಇಡಬೇಕು. ಉಜ್ಜಬಾರದು, ಒಲೆ ಹತ್ತಿರ ಹಿಡಿಯಬಾರದು, ಅಂಟಿದ ಬಟ್ಟೆ ಎಳೆಯಬಾರದು. ಆಮೇಲೆ ಡಾಕ್ಟರ ಹತ್ತಿರ.

ಕೈ ಸುಡುವುದಕ್ಕಿಂತ ದೊಡ್ಡ ಅಪಾಯ ಉಸಿರಿನದು, ಅದನ್ನು ಯಾರೂ ಕೇಳುವುದಿಲ್ಲ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮೂರು ಲೀಟರಿನ ಕ್ಯಾನು ಕಾರಿನಲ್ಲಿ ಮಗುಚಿದರೆ ಎರಡು ಸಾವಿರ ಲೀಟರಿಗೂ ಹೆಚ್ಚು. ಸಣ್ಣ ಕಾರಿನ ಒಳಗಿರುವುದೇ ಎರಡು ಮೂರು ಸಾವಿರ ಲೀಟರ್ ಗಾಳಿ. ಉಸಿರು ಕಟ್ಟಿದಂತೆ ಅನಿಸುವುದೂ ಇಲ್ಲ, ಏಕೆಂದರೆ ದೇಹಕ್ಕೆ ಆ ಸಂಕಟ ಗೊತ್ತಾಗುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ನೈಟ್ರೋಜನ್‌ನಲ್ಲಿ ಅದು ಹೆಚ್ಚುವುದಿಲ್ಲ, ಆಮ್ಲಜನಕ ಮಾತ್ರ ಕಡಿಮೆಯಾಗಿ ಮನುಷ್ಯ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾನೆ.

ಹಾಗಾಗಿ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗುವಾಗ ಕ್ಯಾನನ್ನು ನೆಟ್ಟಗೆ ಕಟ್ಟಿ, ಮಳೆ ಹೊಡೆದರೂ ಎರಡು ಬದಿಯ ಕಿಟಕಿ ಇಳಿಸಿಯೇ ಇಡುತ್ತೇನೆ. ನೈಟ್ರೋಜನ್ ಹಾರಿಹೋಗದಿರಲಿ ಎಂದು ಕ್ಯಾನಿನ ಬಾಯಿಗೆ ಬಿಗಿ ಬಿರಡೆ ಹೊಡೆಯುವವರನ್ನೂ ನೋಡಿದ್ದೇನೆ. ಆವಿಗೆ ದಾರಿ ಇರದಿದ್ದರೆ ಕ್ಯಾನೇ ಸಿಡಿಯುತ್ತದೆ; ಅದರ ಜತೆ ಬಂದ ಸಡಿಲ ಮುಚ್ಚಳವನ್ನೇ ಹಾಕಬೇಕು.