ಪೀಣ್ಯದಲ್ಲೇ ಮಾಡಿಸಿದ ರೇಸ್ ಕ್ಯಾಮ್: ನನ್ನ ಅನುಭವ

"ಸುಮ್ನೆ ಹೊರಗಿಂದ ತರಿಸ್ಕೋ ಗುರು, ಇಲ್ಲಿ ಆಗೋ ಕೆಲಸ ಅಲ್ಲ." ರೇಸಿಗೆಂದು ಒಂದು ಕ್ಯಾಮ್ (ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಬೆಂಗಳೂರಲ್ಲೇ ಮಾಡಿಸ್ತೀನಿ ಅಂದಾಗ ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಿಂದ ಪೀಣ್ಯದ ವರ್ಕ್‌ಶಾಪ್‌ಗಳವರೆಗೆ ಎಲ್ಲರೂ ಇದನ್ನೇ ಹೇಳಿದ್ದರು. ಕಳೆದ ತಿಂಗಳು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನನ್ನ ಹಳೇ ಮಾರುತಿ ಎಸ್ಟೀಮ್ ಕಾರು ಇಡೀ ದಿನ 7,800 ಆರ್‌ಪಿಎಂ ತನಕ ಎಳೆಯಿತು. ಸಂಜೆ ವಾಲ್ವ್ ಕವರ್ ಬಿಚ್ಚಿ ನೋಡಿದರೆ ಲೋಬಿನ (ವಾಲ್ವನ್ನು ತಳ್ಳುವ, ಕ್ಯಾಮಿನ ಮೇಲಿನ ಉಬ್ಬು) ಮೇಲೆ ಒಂದು ಗೀರೂ ಇಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂಜಿನ್ ನಿಮಗೆಲ್ಲ ಗೊತ್ತಿರುವುದೇ: ಜಿ13ಬಿಬಿ, 1,298 ಸಿಸಿ, 16 ವಾಲ್ವ್, ಒಂದೇ ಕ್ಯಾಮ್. ಪೋರ್ಟಿಂಗ್ (ಹೆಡ್ಡಿನ ಗಾಳಿ ದಾರಿಗಳನ್ನು ಉಜ್ಜಿ ಸರಿಪಡಿಸುವುದು) ಆಗಿತ್ತು, ಕಂಪ್ರೆಶನ್ ಏರಿಸಿದ್ದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಬೇರೆ ಹಾಕಿದ್ದೆ. ಆದರೂ 6,300 ದಾಟಿದರೆ ಉಸಿರು ಕಟ್ಟುತ್ತಿತ್ತು.

ಮೊದಲು ಎಲ್ಲರಂತೆ ನಾನೂ ಕಂಪನಿಯ ಸ್ಟಾಕ್ ಕ್ಯಾಮನ್ನೇ ರೀಗ್ರೈಂಡ್ ಮಾಡಿಸಿದೆ, ಅಂದರೆ ಲೋಬನ್ನು ಉಜ್ಜಿ ಆಕಾರ ಬದಲಿಸುವುದು. ಎಂಟೋ ಒಂಬತ್ತೋ ಸಾವಿರ ಆಯಿತು. ಬೇಸ್ ಸರ್ಕಲ್ (ಲೋಬಿನ ಉಬ್ಬಿಲ್ಲದ ದುಂಡು ಭಾಗ) ಜಾಸ್ತಿ ಇಳಿದುಬಿಟ್ಟಿತ್ತು. ಲೋಬಿನ ಒತ್ತಡವನ್ನು ವಾಲ್ವಿಗೆ ಮುಟ್ಟಿಸುವ ತೋಳು, ಅಂದರೆ ರಾಕರ್, ಅದರ ಸ್ಕ್ರೂ ಅಷ್ಟೇ ಕೆಳಗೆ ತಿರುಗಿಸಬೇಕಾಯಿತು, ರಾಕರ್ ಓರೆಯಾಗಿ ಕೂತು ಪ್ಯಾಡಿನ ಅಂಚು ಲೋಬನ್ನು ಕೆರೆಯತೊಡಗಿತು. ನಲವತ್ತು ನಿಮಿಷ ಓಡಿರಬೇಕು. ಆಯಿಲ್ ಇಳಿಸಿದರೆ ಲೋಹದ ಪುಡಿಯಿಂದ ಮದುವೆ ಸೀರೆಯ ಜರಿ ಥರ ಮಿನುಗುತ್ತಿತ್ತು.

ಎರಡನೆಯದನ್ನು ಇಎನ್24 ಅನ್ನುವ ಉಕ್ಕಿನ ಬಾರಿನಿಂದ ಹೊಸದಾಗಿ ಮಾಡಿಸಿದೆ, ಪ್ರೊಫೈಲ್ (ಲೋಬಿನ ಆಕಾರ) ನನ್ನದೇ. ಎಕ್ಸೆಲ್‌ನಲ್ಲಿ ಒಂದೊಂದು ಡಿಗ್ರಿಗೂ ಲಿಫ್ಟ್ (ಎಷ್ಟು ಎತ್ತಬೇಕು ಅನ್ನುವುದು) ಮಿಮೀಯಲ್ಲಿ ಬರೆದು ಗ್ರೈಂಡಿಂಗಿಗೆ ಕೊಟ್ಟೆ. ಸಂಖ್ಯೆ ಚೆನ್ನಾಗಿ ಕಾಣಲಿ ಅಂತ ದಶಮಾಂಶ ಎರಡೇ ಸ್ಥಾನ ಇಟ್ಟಿದ್ದೆ, ದಡ್ಡ. 6,500ರಲ್ಲಿ ಡಬ್ಬದೊಳಗೆ ಕಡಲೆಕಾಯಿ ಅಲ್ಲಾಡಿಸಿದ ಸದ್ದು. ಎರಡು ವಾಲ್ವ್ ಸ್ಪ್ರಿಂಗ್ ಮುರಿದವು. ಕ್ಯಾಮ್ ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಲೋಬಿನ ಇಳಿಜಾರಿನ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು, ಸಾಲಾಗಿ. ಬೆರಳಿಗೆ ತಾಗುವುದಿಲ್ಲ, ಉಗುರಿಗೆ ಮಾತ್ರ ತಾಗುತ್ತವೆ. ಆಗ ಹೊಳೆಯಿತು: ಒಂದು ಡಿಗ್ರಿಯಿಂದ ಮುಂದಿನ ಡಿಗ್ರಿಗೆ ವಾಲ್ವಿನ ವೇಗ ಬದಲಾಗುವುದೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ, ಅಲ್ಲಿ ನಾನು ಹತ್ತು ಮೈಕ್ರಾನಿಗೆ ರೌಂಡ್ ಮಾಡಿ ಕೂತಿದ್ದೆ. ಮುಂದಿನ ಸಲ ನಾಲ್ಕು ಸ್ಥಾನ ಕೊಟ್ಟೆ. "ಸಾರ್, ನಮ್ ಮೆಷಿನ್‌ಗೆ ಅಷ್ಟು ಕಾಣೋದೇ ಇಲ್ಲ" ಅಂತ ಆಪರೇಟರ್ ನಕ್ಕ. ನಗಲಿ, ಗೆರೆ ಹೋಯಿತು.

ಗೆರೆ ಹೋಯಿತು, ಲೋಬಿನ ಮೂಗು ಉಳಿಯಲಿಲ್ಲ. ಇಂಡಕ್ಷನ್ ಹಾರ್ಡನಿಂಗ್ (ಕರೆಂಟಿನಿಂದ ಮೇಲ್ಮೈ ಕಾಯಿಸಿ ಗಟ್ಟಿ ಮಾಡುವುದು) ಮಾಡಿದ ಇಎನ್24ಗೂ ಸ್ಟಾಕ್ ರಾಕರ್ ಪ್ಯಾಡಿಗೂ ಆಗಿಬರಲಿಲ್ಲ. ಎರಡು ರೇಸಿಗೇ ಪಿಟ್ಟಿಂಗ್, ಅಂದರೆ ಸಣ್ಣ ಸಣ್ಣ ಗುಳಿ. ಕೊನೆಗೆ ಇಎನ್40ಬಿ ಉಕ್ಕು ಹಿಡಿದು ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಹಿಡಿಸಿ ಗಟ್ಟಿ ಮಾಡುವುದು) ಮಾಡಿಸಿದೆ. 500 ಡಿಗ್ರಿಯ ಆಸುಪಾಸಿನಲ್ಲೇ ಆಗುವುದರಿಂದ ಶಾಫ್ಟ್ ಬಾಗುವುದು ಕಡಿಮೆ. ಆದರೆ ಗಟ್ಟಿ ಪದರ ಬರುವುದು ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು, ಹಾಗಾಗಿ ಆಮೇಲೆ ಗ್ರೈಂಡಿಂಗಿಗೆ ಹೋಗಬೇಡಿ, ಬರೀ ಪಾಲಿಶ್. ಬಾರ್ ಮಾರುವವರು ತುಂಡು ಮಾಡಿ ಕೊಡಲಿಲ್ಲ, ಪೂರ್ತಿ ಬಾರೇ ತಗೋಬೇಕು ಅಂದರು, ಹನ್ನೆರಡು ಸಾವಿರ ಹೋಯಿತು. ನೈಟ್ರೈಡಿಂಗ್‌ನವರು ಒಂದೇ ಶಾಫ್ಟಿಗೆ ಫರ್ನೇಸ್ ಹಚ್ಚಲ್ಲ ಅಂದರು, ಬೇರೆಯವರ ಗೇರುಗಳ ಜೊತೆ ಸೇರಿಸಲು ಮೂರು ವಾರ ಕಾದೆ. ಅಷ್ಟರಲ್ಲಿ ಆಯುಧ ಪೂಜೆ. ಮೆಷಿನ್‌ಗಳಿಗೆಲ್ಲ ಹಾರ, ಬಾಗಿಲಲ್ಲಿ ಒಡೆದ ಬೂದುಗುಂಬಳ, ಇನ್ನೂ ಒಂದು ವಾರ.

ಒಟ್ಟು ಎರಡು ವರ್ಷದಲ್ಲಿ ಸುಮಾರು 2.75 ಲಕ್ಷ. ಮನೆಯಲ್ಲಿ ಹೇಳಿರುವುದು ಇದರ ಅರ್ಧ.

ಈಗಿನ ಕ್ಯಾಮಿನಲ್ಲಿ, 1 ಮಿಮೀ ಲಿಫ್ಟಿನಿಂದ ಲೆಕ್ಕ ಹಿಡಿದರೆ, ವಾಲ್ವ್ ತೆರೆದಿರುವುದು 248 ಡಿಗ್ರಿ, ಅತಿ ಹೆಚ್ಚು ಏಳುವುದು ವಾಲ್ವಿನ ಹತ್ತಿರ 9.6 ಮಿಮೀ. ತೆರೆಯುವ ಕಡೆ ಮತ್ತು ಮುಚ್ಚುವ ಕಡೆ ಒಂದೇ ಥರ ಇಲ್ಲ. ಎಷ್ಟು ವ್ಯತ್ಯಾಸ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೇ ಮೂರು ತಿಂಗಳು ಹಿಡಿದಿದೆ. ಒಳಗಿನ ಸ್ಪ್ರಿಂಗ್ ಒಂದು ಬೈಕಿನದು, ಅದೂ ಯಾವುದು ಅಂತ ಕೇಳಬೇಡಿ. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಗ್ಯಾಪ್ ನೋಡಲು ಅವೆನ್ಯೂ ರೋಡಿನಿಂದ ಮಕ್ಕಳ ಕ್ಲೇ ತಂದು ಮೆತ್ತಿದೆ. ಇನ್‌ಟೇಕ್ 1.6, ಎಕ್ಸಾಸ್ಟ್ 2.1 ಮಿಮೀ ಬಂತು. ಸ್ವಲ್ಪ ಬಿಗಿಯೇ, ಆದರೆ ಓಡುತ್ತಿದೆ.

ಡೈನೋದಲ್ಲಿ (ಪವರ್ ಅಳೆಯುವ ಯಂತ್ರ) ಚಕ್ರದ ಹತ್ತಿರ ಪವರ್ 81 ಎಚ್‌ಪಿ ಇದ್ದದ್ದು 97 ಆಯಿತು, 7,400ರಲ್ಲಿ. 3,500ರ ಕೆಳಗೆ ಮಾತ್ರ ಸತ್ತ ಹೆಣ. ಐಡಲ್ 1,300. ವ್ಯಾಕ್ಯೂಮ್ ಕುಣಿಯುವುದರಿಂದ ಇನ್‌ಟೇಕಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನಂಬಲಾಗದೆ ಥ್ರಾಟಲ್ ಲೆಕ್ಕದಲ್ಲೇ ಟ್ಯೂನ್ ಮಾಡಿದೆ. ಈ ಗಾಡಿಯನ್ನು ಒಮ್ಮೆ ಸಿಲ್ಕ್ ಬೋರ್ಡ್ ಕಡೆ ಓಡಿಸಿದ್ದೆ, ಮತ್ತೆ ಆ ತಪ್ಪು ಮಾಡಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಇದೇ ಪ್ರೊಫೈಲನ್ನು ಕುಗ್ಗಿಸಿ ಗೆಳೆಯನ ಜಿಪ್ಸಿಗೆ ಒಂದು ಸೌಮ್ಯ ಕ್ಯಾಮ್ ಮಾಡಿದೆವು. ಪವರ್ ಏನೂ ಏರಲಿಲ್ಲ, ಆದರೆ ಸಕಲೇಶಪುರದ ಕೆಸರಲ್ಲಿ ಎರಡನೇ ಗೇರಲ್ಲೇ ಹತ್ತುತ್ತದೆ. ಅವನಿಗೆ ಅಷ್ಟೇ ಬೇಕಿತ್ತು, ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ.

ಉಳಿದ ಬಾರು ನನ್ನ ಮಂಚದ ಕೆಳಗಿದೆ, ಇನ್ನೂ ಮೂರು ಕ್ಯಾಮಿಗೆ ಸಾಕು. ಆಗಲ್ಲ ಅಂದಿದ್ದ ಜೆಸಿ ರೋಡಿನವರೊಬ್ಬರು ಮೊನ್ನೆ ಫೋನ್ ಮಾಡಿ, ನಂಗೂ ಒಂದು ಮಾಡಿಕೊಡ್ತೀಯಾ ಅಂತ ಕೇಳಿದರು. ರೇಟ್ ಹೇಳಿದೆ. ಯೋಚನೆ ಮಾಡ್ತೀನಿ ಅಂದರು.