ಸ್ಕ್ರೀನ್ ನೋಡಿದ್ರೆ ತಲೆನೋವಾ? ಬ್ರೈಟ್‌ನೆಸ್ ಒಮ್ಮೆ ನೋಡಿ

ಲ್ಯಾಪ್‌ಟಾಪ್ ಮುಂದೆ ಅರ್ಧ ಗಂಟೆ ಕೂತರೆ ಸಾಕು, ನನಗೆ ಹುಬ್ಬಿನ ಹಿಂದೆ ನೋವು ಶುರುವಾಗುತ್ತಿತ್ತು. ಡಾಕ್ಟರು ಕನ್ನಡಕದ ನಂಬರ್ ಸರಿಯಿದೆ ಎಂದರು. ಮನೆಯಲ್ಲಿ ಸುಮ್ನೆ ನೆಪ ಅಂದುಕೊಂಡರು.

ನಿಮಗೂ ಹೀಗಾಗುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಬದಲಿಸುವ ಮೋಡ್) ಶಟರ್ ವೇಗ 1/1000 ಸೆಕೆಂಡಿಗೆ ಇಟ್ಟು ಬಿಳಿ ಪರದೆಯತ್ತ ಹಿಡಿಯಿರಿ. ಕಪ್ಪು ಪಟ್ಟೆಗಳು ಓಡಿದರೆ ಪರದೆ ಮಿನುಗುತ್ತಿದೆ ಅಂತ. ಎಷ್ಟೋ ಪರದೆಗಳು ಬೆಳಕು ತಗ್ಗಿಸುವುದೇ ಹೀಗೆ, ಸೆಕೆಂಡಿಗೆ ನೂರಾರು ಸಲ ಆರಿ ಹತ್ತಿ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಹಾಗಾಗಿ ಬ್ರೈಟ್‌ನೆಸ್ ಜಾಸ್ತಿ ಇಟ್ಟು, ಕೋಣೆಯ ಲೈಟ್ ಹಾಕಿಕೊಂಡು ಕೂರಿ. ನನಗೆ ಇದರಿಂದ ನೋವು ಬಹಳ ತಗ್ಗಿತು. ಎಲ್ಲರಿಗೂ ಇದೇ ಕಾರಣ ಇರಬೇಕಿಲ್ಲ. ರೆಪ್ಪೆ ಮಿಟುಕಿಸೋದು ಕಡಿಮೆಯಾಗಿ ಕಣ್ಣು ಒಣಗಿದರೂ ಉರಿ, ನೋವು ಬರುತ್ತೆ.