ಓದಿನಲ್ಲಿ ಎಡವುವ ಹೈಸ್ಕೂಲ್ ಮಕ್ಕಳಿಗೆ ಅದೇ ತರಗತಿಯಲ್ಲಿ ನೆರವಾಗುವುದು ಹೇಗೆ?

ಎಂಟನೆಯ ತರಗತಿಗೆ ಬಂದರೂ ಒಂದು ಪ್ಯಾರಾವನ್ನು ತಡವರಿಸದೆ ಓದಲಾಗದ ಮಕ್ಕಳು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಪರೂಪವೇನಲ್ಲ. ಈವರೆಗೆ ಅವರು ಹೇಗೋ ತೇರ್ಗಡೆಯಾಗಿ ಮುಂದೆ ಸಾಗುತ್ತಿದ್ದರು. ಇನ್ನು ಅದು ಸುಲಭವಲ್ಲ. ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೂ ಕನಿಷ್ಠ ಶೇ. 30 ಅಂಕ ಬೇಕೆಂಬ ನಿಯಮವನ್ನು ಕೇರಳ ಸರಕಾರ 2024-25ರಲ್ಲಿ ಎಂಟನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಎಸ್ಸೆಸ್ಸೆಲ್ಸಿಯವರೆಗೆ ಒಯ್ಯಲು ತೀರ್ಮಾನಿಸಿತು. ಸಿಇ ಅಂಕದ (ವರ್ಷವಿಡೀ ಶಾಲೆಯಲ್ಲೇ ಕೊಡುವ ನಿರಂತರ ಮೌಲ್ಯಮಾಪನದ ಅಂಕ) ಬಲದಿಂದ ದಡ ಸೇರುವ ದಾರಿ ಮುಚ್ಚಿತೆಂದೇ ತಿಳಿಯಬೇಕು. ಆದ್ದರಿಂದ ಕೆಲಸ ಎಂಟನೆಯಲ್ಲೇ, ಜೂನ್ ತಿಂಗಳಲ್ಲೇ ಶುರುವಾಗಬೇಕು.

ಮೊದಲು: ಭಾಷೆಯ ತೊಡಕನ್ನು ಬೇರ್ಪಡಿಸಿ

ಮಗು ಎಡವುವುದು ಕನ್ನಡ ಮನೆಮಾತಲ್ಲದ್ದರಿಂದಲೋ, ಕಲಿಕಾ ನ್ಯೂನತೆಯಿಂದಲೋ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಬರಹ, ಲೆಕ್ಕ ಕೈಗೆ ಹತ್ತದ ತೊಂದರೆ) ಎಂದು ತಿಳಿಯಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಇದೇ ಅತಿ ಮುಖ್ಯ, ಇದೇ ಅತಿ ಕಷ್ಟ. ಪೈವಳಿಕೆಯಲ್ಲೋ ಬದಿಯಡ್ಕದಲ್ಲೋ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಮರಾಠಿ, ಮಲಯಾಳ ಆಡುವ ಮಕ್ಕಳು ಕುಳಿತಿರುತ್ತಾರೆ. ತುಳು ಮನೆಯ ಹುಡುಗ ‘ಭಾರತ’ವನ್ನು ‘ಬಾರತ’ ಎಂದು ಬರೆದರೆ ಗಾಬರಿ ಬೇಡ. ಅವನ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ, ಅಷ್ಟೆ. ಅದು ನ್ಯೂನತೆಯಲ್ಲ.

ಪರೀಕ್ಷಿಸುವ ಸರಳ ದಾರಿಯೊಂದಿದೆ. ಸಮಾಜ ವಿಜ್ಞಾನದ ಒಂದು ಪುಟವನ್ನು ನೀವೇ ಓದಿ ಹೇಳಿ. ಉತ್ತರ ಅವನ ಮನೆಮಾತಿನಲ್ಲಿ ಬಂದರೂ ಸರಿ. ಕೇಳಿದ್ದು ಪೂರ್ತಿ ಅರ್ಥವಾಗಿ, ಅಂಥದೇ ಪುಟವನ್ನು ತಾನೇ ಓದುವಾಗ ಮಾತ್ರ ಎಡವಿದರೆ ಕಲಿಕಾ ನ್ಯೂನತೆಯಿದೆಯೇ ಎಂದು ಸಂಶಯಪಡಬೇಕು. ಕೇಳಿದರೂ ಅರ್ಥವಾಗದಿದ್ದರೆ ಆ ಮಗುವಿಗೆ ಮೊದಲು ಬೇಕಾದದ್ದು ಕನ್ನಡದ ಒಡನಾಟ. ಕಣ್ಣು, ಕಿವಿಗಳ ತಪಾಸಣೆ ಇದಕ್ಕೂ ಮೊದಲೇ ಆಗಿರಲಿ.

ಮೊಬೈಲಿನಲ್ಲಿ ಹರಿದಾಡುವ ಲಕ್ಷಣಪಟ್ಟಿಗಳು ಇಂಗ್ಲಿಷಿನ ಬಿ, ಡಿ ಅಕ್ಷರಗಳನ್ನು ತಿರುವುಮುರುವು ಮಾಡುವುದನ್ನೇ ಜಪಿಸುತ್ತವೆ. ಕನ್ನಡದಲ್ಲಿ ನೋಡಬೇಕಾದದ್ದು ಬೇರೆ: ಒತ್ತಕ್ಷರ ನುಂಗಿ ‘ಪುಸ್ತಕ’ವನ್ನು ‘ಪುಸಕ’ ಮಾಡುವುದು, ದೀರ್ಘ ಬಿಡುವುದು, ಕೊಂಬು ತಪ್ಪುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುವುದು, ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಬೋರ್ಡಿನಿಂದ ನಕಲು ಮಾಡುವಾಗಲೂ ತಪ್ಪುವುದು. ಕನ್ನಡ, ಹಿಂದಿ, ಇಂಗ್ಲಿಷ್ ಟೀಚರುಗಳು ಆ ಮಗುವಿನ ಪುಸ್ತಕಗಳನ್ನು ಸ್ಟಾಫ್ ರೂಮಿನ ಒಂದೇ ಮೇಜಿನ ಮೇಲೆ ಹರಡಿ ನೋಡಲಿ. ಮೂರು ಲಿಪಿಗಳಲ್ಲೂ ಇದೇ ಬಗೆಯ ತೊಡಕು ಕಂಡರೆ ಮುಂದಿನ ಹೆಜ್ಜೆಗೆ ಹೋಗಿ. ಹಿಂದಿಯಲ್ಲಿ ಮಾತ್ರ ಕಂಡರೆ ಅದು ಹಿಂದಿಯ ಸಮಸ್ಯೆ.

ಎರಡನೆಯದು: ಕಾಗದಪತ್ರ

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಅದು ಸೇರಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಹೊಣೆ ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಬರೆಯುವ ಸಹಾಯಕ, ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವು 17ನೇ ಸೆಕ್ಷನ್ನಿನಲ್ಲಿವೆ. ಶಾಲೆ ಇವನ್ನು ಕೃಪೆಯೆಂಬಂತೆ ಕೊಡಬೇಕಾಗಿಲ್ಲ, ಪೋಷಕರು ಅಂಗಲಾಚಬೇಕಾಗಿಯೂ ಇಲ್ಲ.

ಹೆಡ್‌ಮಾಸ್ಟರ್ ಮೂಲಕ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ರಿಸೋರ್ಸ್ ಟೀಚರನ್ನು, ಅಂದರೆ ವಿಶೇಷ ನೆರವು ಬೇಕಾದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು, ಸಂಪರ್ಕಿಸಿ. ತಪಾಸಣೆಯ ವೇಳೆ ಮಗುವಿನ ಕಲಿಕಾ ಮಾಧ್ಯಮ ಕನ್ನಡವೆಂದು ಒತ್ತಿ ಹೇಳಿ. ಮಲಯಾಳದಲ್ಲಿ ಓದಿಸಿ ನೋಡಿದರೆ ಕನ್ನಡ ಮಾಧ್ಯಮದ ಯಾವ ಮಗು ತಾನೇ ಪಾಸಾದೀತು? ನ್ಯೂನತೆಯ ನಿರ್ಣಯಕ್ಕೆ ಕೇಂದ್ರದ ಮಾರ್ಗಸೂಚಿ ಸೂಚಿಸುವುದು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಸರಣಿಯನ್ನು. ಎಂಟನೆಯ ವಯಸ್ಸಿನಲ್ಲಿ ಸಿಕ್ಕ ಪ್ರಮಾಣಪತ್ರವಿದ್ದರೂ 14ಕ್ಕೆ ಮತ್ತೆ ಪರೀಕ್ಷಿಸಬೇಕು; ಅದು ಸರಿಯಾಗಿ ಹೈಸ್ಕೂಲಿನ ವಯಸ್ಸು. ಹತ್ತಿರವೆಂದು ಮಂಗಳೂರಿಗೆ ಓಡುವವರು ಅಲ್ಲಿನ ವರದಿ ಇಲ್ಲಿನ ಪರೀಕ್ಷಾ ರಿಯಾಯಿತಿಗೆ ಸಲ್ಲುತ್ತದೆಯೇ ಎಂದು ಹೊರಡುವ ಮೊದಲೇ ಬಿಆರ್‌ಸಿಯಲ್ಲಿ ಕೇಳಿಕೊಳ್ಳಿ.

ಮೂರನೆಯದು: ತರಗತಿಯೊಳಗೆ

ಪ್ರಮಾಣಪತ್ರ ಬರುವವರೆಗೆ ಕಾಯಬೇಕಾಗಿಲ್ಲ. ಇಲ್ಲಿ ಹೇಳುವ ಯಾವುದಕ್ಕೂ ಯಾರ ಅನುಮತಿಯೂ ಬೇಡ.

ಎಲ್ಲರೆದುರು ಹಠಾತ್ತನೆ ಎಬ್ಬಿಸಿ ಓದಿಸಬೇಡಿ. ಓದಿಸಲೇಬೇಕೆಂದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ತಿಳಿಸಿ. ಬೋರ್ಡಿನ ಟಿಪ್ಪಣಿಯ ಪ್ರತಿಯನ್ನು ಕೊಟ್ಟುಬಿಡಿ. ನಕಲು ಮಾಡುವುದರಲ್ಲೇ ಪಿರಿಯಡ್ ಮುಗಿದರೆ ಪಾಠ ಕೇಳುವುದು ಯಾವಾಗ?

ನಮ್ಮ ಪಠ್ಯಪುಸ್ತಕ ಬರೆಯುವವರಿಗೆ ಒತ್ತಕ್ಷರಗಳ ಮೇಲೆ ಅದೇನೋ ವಿಶೇಷ ಪ್ರೀತಿ. ‘ದ್ಯುತಿಸಂಶ್ಲೇಷಣೆ’ಯನ್ನು ಒಂದೇ ಉಸಿರಿಗೆ ಓದಲು ನಮಗೂ ಕಷ್ಟವೇ. ಪಾಠ ಶುರುಮಾಡುವ ಮೊದಲು ಅಂಥ ನಾಲ್ಕೈದು ಪದಗಳನ್ನು ಬೋರ್ಡಿನಲ್ಲಿ ಒಡೆದು ಬರೆಯಿರಿ: ದ್ಯುತಿ / ಸಂಶ್ಲೇಷಣೆ, ವಿ / ಕೇಂದ್ರೀ / ಕರಣ. ಪದ ಹೇಳಿಸಿ, ಅರ್ಥ ತಿಳಿಸಿ, ಆಮೇಲೆ ಪುಟ ತೆರೆಯಿರಿ. ಇದರಿಂದ ತರಗತಿಯ ಉಳಿದವರಿಗೂ ಲಾಭವಿದೆ.

ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ. ರಾತ್ರಿ ಕೇಳಿದ ತಾಳಮದ್ದಳೆಯ ವಾದವನ್ನು ಬೆಳಗ್ಗೆ ಗೆಳೆಯರ ಮುಂದೆ ಒಪ್ಪಿಸಬಲ್ಲ ಹುಡುಗ ಎರಡು ಸಾಲು ಬರೆಯಲಾರದೆ ಇರಬಹುದು. ಅವನನ್ನು ದಡ್ಡನೆನ್ನುವುದು ನಮ್ಮ ದಡ್ಡತನ. ಬರೆದದ್ದನ್ನು ತಿದ್ದುವಾಗ ವಿಷಯಕ್ಕೊಂದು ಅಂಕ, ಕಾಗುಣಿತಕ್ಕೆ ಬೇರೊಂದು. ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕಾಗಿ ಅಂಕ ಕಡಿಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ.

ಲೆಕ್ಕಕ್ಕೆ ಚೌಕುಳಿ ಪುಸ್ತಕ ಇರಲಿ, ಅಂಕಿಗಳು ಸಾಲು ತಪ್ಪುವುದಿಲ್ಲ. ಮಗ್ಗಿಯ ಚೀಟಿ ಡೆಸ್ಕಿನ ಮೇಲಿರಲಿ.

ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ, ಹೇಳಿದ್ದನ್ನು ಟೈಪ್ ಮಾಡುವ ಸೌಲಭ್ಯ ಆಂಡ್ರಾಯ್ಡ್ ಮೊಬೈಲಿನಲ್ಲೇ ಇದೆ. ಆದರೆ ಯುನಿಕೋಡ್ (ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳನ್ನು ಯಂತ್ರ ಓದಲಾರದು. ನಾಲ್ಕು ಸಾಲು ನಕಲು ಮಾಡಿ ಅಂಟಿಸಿ ನೋಡಿ, ಚೆಲ್ಲಾಪಿಲ್ಲಿಯಾದರೆ ಆ ದಾರಿ ಬಿಡಿ. ಚೆನ್ನಾಗಿ ಓದುವ ಸಹಪಾಠಿಯೊಬ್ಬಳು ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಟ್ಟರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ಕೊನೆಗೆ: ಪರೀಕ್ಷೆಯ ತಯಾರಿ

ಎಸ್ಸೆಸ್ಸೆಲ್ಸಿ ರಿಯಾಯಿತಿಗೆ, ಆ ಪರೀಕ್ಷೆ ನಡೆಸುವ ಪರೀಕ್ಷಾ ಭವನದ ಸುತ್ತೋಲೆ ಬಂದ ಕೂಡಲೇ ಹೆಡ್‌ಮಾಸ್ಟರ್ ಮೂಲಕ ಅರ್ಜಿ ಹೋಗಬೇಕು. ಬರೆಯುವ ಸಹಾಯಕರು ಸಾಮಾನ್ಯವಾಗಿ ಕೆಳಗಿನ ತರಗತಿಯವರು. ಕನ್ನಡವನ್ನು ವೇಗವಾಗಿ, ತಪ್ಪಿಲ್ಲದೆ ಬರೆಯಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಫೆಬ್ರವರಿಯಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ. ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆಗಳನ್ನು ಇದೇ ಜೋಡಿ ಒಟ್ಟಿಗೆ ಬರೆದು ಅಭ್ಯಾಸ ಮಾಡಲಿ. ಹೇಳಿ ಬರೆಸುವುದೂ ಕಲಿತೇ ಬರಬೇಕಾದ ವಿದ್ಯೆ. ಪ್ರಶ್ನೆಗಳನ್ನು ಓದಿಕೊಳ್ಳಲೆಂದು ಕೊಡುವ ಆರಂಭದ 15 ನಿಮಿಷಗಳ ಕೂಲ್ ಆಫ್ ಸಮಯದಲ್ಲಿ ಪ್ರಶ್ನೆಪತ್ರಿಕೆಯನ್ನು ಹೇಗೆ ಓದಿಸಿಕೊಳ್ಳಬೇಕು, ಯಾವುದನ್ನು ಮೊದಲು ಬರೆಸಬೇಕು ಎಂಬುದನ್ನು ಮನೆಯಲ್ಲೂ ಗಡಿಯಾರ ಇಟ್ಟು ನೋಡಿ. ಗಣಿತದಲ್ಲಿ ‘ಭಾಗಿಸು’ ಎಂದರೆ ಸಾಲದು. ಯಾವ ಅಂಕಿಯನ್ನು ಎಲ್ಲಿ ಬರೆಯಬೇಕು, ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗುತ್ತದೆ.